ಗಿಡ ಒಂದೇ, ಕಾನೂನು ಎರಡು

ಗಾಂಜಾ, ಭಂಗಿ ಎರಡೂ ಒಂದೇ ಗಿಡದವು. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಗೆ ಹೂಬಿಟ್ಟ, ಕಾಯಿಬಿಟ್ಟ ತುದಿ ಮಾತ್ರ ಗಾಂಜಾ. ತುದಿಯಿಲ್ಲದ ಎಲೆ, ಬೀಜ ಅದರ ವ್ಯಾಪ್ತಿಗೆ ಬರುವುದಿಲ್ಲ. ಎಲೆಯಿಂದ ಮಾಡುವ ಭಂಗಿಯೊಡನೆ ಸಿಕ್ಕಿಬಿದ್ದವನಿಗೆ 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಕೊಟ್ಟಾಗ ಈ ವ್ಯತ್ಯಾಸವನ್ನೇ ಎತ್ತಿಹಿಡಿಯಿತು.

ವಕೀಲಳಾಗಿ ನಾನು ಕಾಣುವುದು ಹೆಚ್ಚಾಗಿ ಕಾಲೇಜು ಹುಡುಗರನ್ನು: ಜೇಬಿನಲ್ಲಿ ಸಿಕ್ಕಿದ್ದು ಸಣ್ಣ ಪೊಟ್ಟಣ, ಹೊರಗೆ ಬೆಂಚಿನ ಮೇಲೆ ಸೆರಗು ಹಿಂಡುತ್ತಾ ಕೂತ ತಾಯಿ. ಒಂದು ಕಿಲೋವರೆಗೆ ‘ಅಲ್ಪ ಪ್ರಮಾಣ’. ಆದರೂ ವರ್ಷದವರೆಗೆ ಜೈಲಾಗಬಹುದು.

ಕೆನಡಾ 2018ರಲ್ಲಿ ವಯಸ್ಕರಿಗೆ ಗಾಂಜಾವನ್ನು ಕಾನೂನುಬದ್ಧಗೊಳಿಸಿತು. ನಾನು ಅಷ್ಟು ದೂರ ಹೋಗಲಾರೆ. ಬೆಳೆಯುವ ಮಿದುಳಿಗೆ ಅದು ಅಪಾಯಕಾರಿ. ಮಾರುವವನಿಗೆ ಶಿಕ್ಷೆಯಾಗಲಿ, ಸೇದುವವನಿಗೆ ಚಿಕಿತ್ಸೆ ಸಿಗಲಿ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಇಂಥ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಂ ಕಾಯ್ದೆಯಲ್ಲೇ ಇದೆ. ಹೆತ್ತವರೇ, ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಆ ಕಲಂ ಬಗ್ಗೆ ನಿಮ್ಮ ವಕೀಲರನ್ನು ಕೇಳಿ.