ಒಂದೇ ಗಿಡ, ರಾಜ್ಯಕ್ಕೊಂದು ಕಾನೂನು

ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಸರ್ಕಾರಿ ಪರವಾನಗಿಯ ಭಂಗ್ ಅಂಗಡಿಗೆ ಬೋರ್ಡೇ ಇದೆ. ಭಂಗ್ ತಯಾರಾಗುವ ಅದೇ ಗಾಂಜಾ ಗಿಡ ನಮ್ಮಲ್ಲಿ ತೊಗರಿ ಸಾಲಿನ ನಡುವೆ ಕಂಡರೆ ರೈತ ಜೈಲು ಸೇರುತ್ತಾನೆ. 1985ರ ಮಾದಕವಸ್ತು ನಿಯಂತ್ರಣ ಕಾಯ್ದೆ, ಅಂದರೆ ಎನ್‌ಡಿಪಿಎಸ್, ಇಡೀ ದೇಶಕ್ಕೆ ಒಂದೇ. ಗೊಂದಲ ಹುಟ್ಟುವುದು ಅದು ರಾಜ್ಯಗಳಿಗೆ ಬಿಟ್ಟುಕೊಟ್ಟ ಜಾಗದಲ್ಲಿ.

ತಪ್ಪು ಕಲ್ಪನೆ: ಭಂಗ್, ಗಾಂಜಾ, ಚರಸ್ ಎಲ್ಲಕ್ಕೂ ಒಂದೇ ಕೇಸು.

ಸತ್ಯ: ಗಿಡದ ಯಾವ ಭಾಗ ಸಿಕ್ಕಿತು ಎಂಬುದೇ ಮುಖ್ಯ. ಹೂವು, ಕಾಯಿ ಬಿಟ್ಟ ತುದಿ ಗಾಂಜಾ. ಬೇರ್ಪಡಿಸಿದ ಅಂಟು ಚರಸ್. ತುದಿ ಜೊತೆಗಿಲ್ಲದಿದ್ದರೆ ಬರೀ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಗೆ ಸೇರುವುದಿಲ್ಲ. ಭಂಗ್ ಅರೆಯುವುದು ಎಲೆಯಿಂದ. ಬೆಂಗಳೂರಿನಲ್ಲಿ ಒಬ್ಬರ ಬಳಿ 29 ಕೆ.ಜಿ. ಭಂಗ್, 400 ಗ್ರಾಂ ಗಾಂಜಾ ಸಿಕ್ಕಿತ್ತು. ಭಂಗ್ ಈ ಕಾಯ್ದೆಯಡಿ ಬರುವುದಿಲ್ಲ ಎಂದ ಕರ್ನಾಟಕ ಹೈಕೋರ್ಟ್, 2022ರಲ್ಲಿ ಜಾಮೀನು ಕೊಟ್ಟಿತು. ಉಳಿದ ಗಾಂಜಾ 1 ಕೆ.ಜಿ.ಗಿಂತ ಕಡಿಮೆ, ಅಂದರೆ ‘ಸಣ್ಣ ಪ್ರಮಾಣ’. ಅದಕ್ಕೆ ಗರಿಷ್ಠ ಶಿಕ್ಷೆ ಒಂದು ವರ್ಷ ಜೈಲು ಮತ್ತು 10 ಸಾವಿರ ರೂಪಾಯಿ ದಂಡ. 20 ಕೆ.ಜಿ. ದಾಟಿದರೆ ಕನಿಷ್ಠವೇ 10 ವರ್ಷ.

ತಪ್ಪು ಕಲ್ಪನೆ: ಹಾಗಿದ್ದರೆ ಭಂಗ್‌ಗೆ ಎಲ್ಲೂ ತಡೆಯಿಲ್ಲ.

ಸತ್ಯ: ಎನ್‌ಡಿಪಿಎಸ್ ಕೈಬಿಟ್ಟದ್ದನ್ನು ರಾಜ್ಯಗಳು ತಮ್ಮ ಕಾನೂನಿನಿಂದ ಹಿಡಿದಿಟ್ಟಿವೆ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಪರವಾನಗಿ ಪಡೆದ ಅಂಗಡಿಗಳಿವೆ. ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಅಸ್ಸಾಂ 1958ರಲ್ಲೇ ಗಾಂಜಾ ಜೊತೆ ಭಂಗನ್ನೂ ನಿಷೇಧಿಸಿದೆ. ಕಾಶಿಯ ಅಂಗಡಿಯಲ್ಲಿ ರಾಜಾರೋಷವಾಗಿ ಕೊಂಡ ಉಂಡೆ, ರೈಲು ರಾಜ್ಯದ ಗಡಿ ದಾಟಿದಂತೆ ಅಪರಾಧವಾಗಬಹುದು.

ತಪ್ಪು ಕಲ್ಪನೆ: ಎಲೆ ತಪ್ಪಲ್ಲವೆಂದರೆ ಹಿತ್ತಲಲ್ಲಿ ಎರಡು ಗಿಡ ನೆಟ್ಟರೂ ತಪ್ಪಲ್ಲ.

ಸತ್ಯ: ಅನುಮತಿ ಇಲ್ಲದೆ ನೆಡುವುದೇ ಅಪರಾಧ, 10 ವರ್ಷದವರೆಗೆ ಜೈಲು. ಆದರೆ ನಾರು, ಬೀಜಕ್ಕಾಗಿ ಬೆಳೆಯಲು ಅನುಮತಿ ಕೊಡುವ ಅವಕಾಶ ಕಾಯ್ದೆಯಲ್ಲೇ ಇದೆ. ಅದನ್ನು ಬಳಸಿ ಉತ್ತರಾಖಂಡ 2018ರಲ್ಲಿ ಕೈಗಾರಿಕಾ ಹೆಂಪ್‌ಗೆ, ಅಂದರೆ ನಾರು, ಬೀಜಕ್ಕಾಗಿ ಬೆಳೆಯುವ ಇದೇ ಗಿಡಕ್ಕೆ, ಪರವಾನಗಿ ಕೊಟ್ಟಿತು. ಷರತ್ತು: ಅಮಲು ತರಿಸುವ ಟಿಎಚ್‌ಸಿ ಅಂಶ ಶೇ 0.3 ಮೀರಬಾರದು. ಅಫೀಮಿನ ಲೆಕ್ಕ ಬೇರೆ. ಅದರ ಪರವಾನಗಿ ಕೇಂದ್ರದ ಕೈಯಲ್ಲಿದ್ದು, ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಗೊತ್ತುಪಡಿಸಿದ ಪ್ರದೇಶಗಳ ರೈತರಿಗಷ್ಟೇ ಸಿಗುತ್ತದೆ.

ತಪ್ಪು ಕಲ್ಪನೆ: ಸಾಧುಗಳಿಗೆ, ಜಾತ್ರೆಯ ಪ್ರಸಾದಕ್ಕೆ ವಿನಾಯಿತಿ ಇದೆ.

ಸತ್ಯ: ಎನ್‌ಡಿಪಿಎಸ್‌ನಲ್ಲಿ ಧರ್ಮದ ಹೆಸರಿನ ವಿನಾಯಿತಿ ಇಲ್ಲ. ಶಿವರಾತ್ರಿಯ ಭಂಗ್ ಉಳಿದುಕೊಂಡದ್ದು ಎಲೆಗೆ ಸಿಕ್ಕ ರಿಯಾಯಿತಿಯಿಂದ. ಚಿಲುಮೆಯಲ್ಲಿ ಸೇದುವ ಗಾಂಜಾಕ್ಕೆ ಆ ರಕ್ಷಣೆ ಇಲ್ಲ. ಪೊಲೀಸರು ಕಂಡೂ ಕಾಣದಂತಿದ್ದರೆ ಅದು ರೂಢಿ, ಕಾನೂನಲ್ಲ.

ತಪ್ಪು ಕಲ್ಪನೆ: ಗಸಗಸೆ ಅಡುಗೆಮನೆಯ ಸಾಮಾನು, ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಸತ್ಯ: ಗಸಗಸೆ ಅಫೀಮು ಗಿಡದ್ದೇ ಬೀಜ. ನಮ್ಮ ಕಾಯ್ದೆ ಬೀಜವನ್ನು ಹೊರಗಿಟ್ಟಿದೆ, ಹಾಗಾಗಿ ಪಾಯಸಕ್ಕೆ ಅಡ್ಡಿಯಿಲ್ಲ. ಆದರೆ ದುಬೈ, ಸಿಂಗಪುರಗಳಲ್ಲಿ ಅದು ನಿಷಿದ್ಧ ಸರಕು. ಅಲ್ಲಿರುವ ಮಗಳ ಮನೆಗೆ ಹೊರಡುವ ಮೊದಲು ಮಸಾಲೆ ಡಬ್ಬಿಯಿಂದ ಅದನ್ನು ತೆಗೆದಿಡಿ.