ಕೆಲಸಗಳ ಸರಪಳಿಗೆ ಸ್ಪ್ರೆಡ್‌ಶೀಟ್ ಲೆಕ್ಕ

ವಿಜ್ಞಾನ ಪದವಿ ತರಗತಿಗಳಲ್ಲಿ ಪ್ರಾಜೆಕ್ಟ್ ಈಗ ಸಾಮಾನ್ಯ. ಪ್ರೌಢಶಾಲೆಯ ಮಕ್ಕಳೂ ವಿಜ್ಞಾನ ಸಮಾವೇಶಗಳಿಗೆಂದು ಪ್ರಾಜೆಕ್ಟ್ ಮಾಡುತ್ತಾರೆ. ಇವುಗಳ ವರದಿಗಳನ್ನು ಬಹಳ ವರ್ಷಗಳಿಂದ ನೋಡುತ್ತಾ ಬಂದಿರುವ ನನಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗಿದೆ. ಆರಂಭದ ಓದು ನಿಧಾನವಾಗಿ ಸಾಗುತ್ತದೆ. ಅನುಮತಿ ಪತ್ರವೋ ಉಪಕರಣದ ಬಿಡಿಭಾಗವೋ ತಡವಾಗುತ್ತದೆ. ಆದರೆ ವರದಿ ಒಪ್ಪಿಸುವ ದಿನ ಮಾತ್ರ ಕದಲುವುದಿಲ್ಲ. ಆಗ ಕತ್ತರಿ ಬೀಳುವುದು ಅಳತೆಯ ಮೇಲೆ. ನಾಲ್ಕು ವಾರ ನಡೆಯಬೇಕಿದ್ದ ಅಳತೆ ಎರಡು ವಾರಕ್ಕೆ ಇಳಿಯುತ್ತದೆ. ಕೆಲವೊಮ್ಮೆ ಉಳಿದ ಅಂಕಿಗಳು ಮನೆಯ ಮೇಜಿನ ಮೇಲೆ 'ಹುಟ್ಟಿಕೊಳ್ಳುತ್ತವೆ'!

ಇದನ್ನು ಕೇವಲ ಶಿಸ್ತಿನ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಒಂದು ಕೆಲಸ ತಡವಾದರೆ ಅದರ ಪರಿಣಾಮ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದು ಮೊದಲೇ ಕಾಣದಿರುವುದು ಇದರ ಮೂಲ. ಅದನ್ನು ಕಾಣಿಸಲು ದುಬಾರಿ ತಂತ್ರಾಂಶವೇನೂ ಬೇಕಿಲ್ಲ. ಎಕ್ಸೆಲ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್‌ನ ಒಂದು ಹಾಳೆ ಸಾಕು.

ಒಂದು ಉದಾಹರಣೆ

ಬೆಂಗಳೂರಿನ ಕೆಂಪಾಪುರದ ವಿದ್ಯಾರ್ಥಿ ತಂಡವೊಂದು ಸಮೀಪದ ಹೆಬ್ಬಾಳ ಕೆರೆಯಲ್ಲಿ ನೀರಿನ ಮೇಲ್ಪದರದ ಉಷ್ಣತೆಯನ್ನೂ ಒಂದು ಮೀಟರ್ ಆಳದ ಉಷ್ಣತೆಯನ್ನೂ ಪ್ರತಿದಿನ ಅಳೆಯಬೇಕೆಂದಿದೆ ಎಂದು ಭಾವಿಸೋಣ. ವರದಿ ಒಪ್ಪಿಸಲು ಇರುವ ಕಾಲ ಹತ್ತು ವಾರ. ವಾರಕ್ಕೆ ಆರು ದಿನದಂತೆ 60 ಕೆಲಸದ ದಿನಗಳು. ಮಾಡಬೇಕಾದ ಕೆಲಸಗಳು ಇವು:

1. ವಿಷಯದ ಓದು, ಪ್ರಶ್ನೆಯ ನಿರ್ಧಾರ – 6 ದಿನ
2. ಕೆರೆಯಲ್ಲಿ ಅಳತೆಗೆ ಅನುಮತಿ – 15 ದಿನ (1ರ ನಂತರ)
3. ಥರ್ಮಿಸ್ಟರ್ ಬಳಸಿ ಉಷ್ಣತಾಮಾಪಕದ ಜೋಡಣೆ – 10 ದಿನ (1ರ ನಂತರ)
4. ಮಾಪಕವನ್ನು ಪ್ರಮಾಣಿತ ಥರ್ಮಾಮೀಟರ್‌ನೊಂದಿಗೆ ತಾಳೆ ನೋಡುವುದು – 4 ದಿನ (3ರ ನಂತರ)
5. ಕೆರೆಯಲ್ಲಿ ಅಳತೆ – 24 ದಿನ (2 ಮತ್ತು 4 ಎರಡೂ ಮುಗಿದ ನಂತರ)
6. ನಕ್ಷೆಗಳು, ವಿಶ್ಲೇಷಣೆ – 8 ದಿನ (5ರ ನಂತರ)
7. ವರದಿ ಬರವಣಿಗೆ – 6 ದಿನ (6ರ ನಂತರ)

ಈ ಪಟ್ಟಿಯಲ್ಲಿ ಆವರಣದೊಳಗಿನ ಮಾತುಗಳೇ ಮುಖ್ಯ. ಯಾವ ಕೆಲಸ ಯಾವುದಕ್ಕಾಗಿ ಕಾಯಬೇಕು ಎಂಬುದನ್ನು ಅವು ಹೇಳುತ್ತವೆ. ಹೆಚ್ಚಿನವರು ಹಾಳೆಯಲ್ಲಿ ಕೆಲಸಗಳ ಹೆಸರು ಮತ್ತು ದಿನಾಂಕಗಳನ್ನು ಕೈಯಿಂದ ತುಂಬಿ, ಬಣ್ಣ ಹಚ್ಚಿ ನಿಲ್ಲಿಸುತ್ತಾರೆ. ಅದು ಗೋಡೆಗೆ ಅಂಟಿಸುವ ಚಿತ್ರಪಟವಾಯಿತೇ ಹೊರತು ಲೆಕ್ಕವಾಗಲಿಲ್ಲ. ಒಂದು ದಿನಾಂಕ ಬದಲಾದರೆ ಉಳಿದವು ತಾವಾಗಿಯೇ ಬದಲಾಗಬೇಕು.

15 ದಿನ ಎಂಬಂಥ ಅಂದಾಜು ಎಲ್ಲಿಂದ ಬರುತ್ತದೆ? ಅನುಮತಿ ಬೇಗ ಬಂದರೆ 8 ದಿನ, ಸಾಮಾನ್ಯವಾಗಿ 14, ತೀರ ತಡವಾದರೆ 26 ಎನ್ನೋಣ. ಸಾಮಾನ್ಯ ಅವಧಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿ. (8 + 56 + 26) ÷ 6 = 15. ಅಮೆರಿಕದ ನೌಕಾಪಡೆ 1958ರಲ್ಲಿ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪಿಸಿದ 'ಪರ್ಟ್' ವಿಧಾನದ ಸೂತ್ರವಿದು.

ಹಾಳೆಯ ರಚನೆ

ಮೊದಲ ಅಡ್ಡಸಾಲಿನಲ್ಲಿ ಶೀರ್ಷಿಕೆಗಳಿರಲಿ. ಎ ಕಂಬಸಾಲಿನಲ್ಲಿ ಕ್ರಮಸಂಖ್ಯೆ, ಬಿಯಲ್ಲಿ ಕೆಲಸ, ಸಿಯಲ್ಲಿ ಹೊಣೆ ಹೊತ್ತವರ ಹೆಸರು, ಡಿಯಲ್ಲಿ ಬೇಕಾದ ದಿನಗಳು, ಇಯಲ್ಲಿ ಆರಂಭ, ಎಫ್‌ನಲ್ಲಿ ಮುಕ್ತಾಯ. ಏಳು ಕೆಲಸಗಳು 2ರಿಂದ 8ನೆಯ ಸಾಲಿನವರೆಗೆ ಬರುತ್ತವೆ. (ಸೂತ್ರಗಳನ್ನು ಹಾಳೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಟ್ಟಿದೆ.)

ಮೊದಲು 'ದಿನ 1, ದಿನ 2' ಎಂಬ ಲೆಕ್ಕದಲ್ಲಿ ನೋಡೋಣ. ಇ2ರಲ್ಲಿ 1 ಎಂದು ಬರೆಯಿರಿ. ಎಫ್2ರಲ್ಲಿ =ಇ2+ಡಿ2-1. ಆರಂಭದ ದಿನವೂ ಕೆಲಸದ ದಿನವಾದ್ದರಿಂದ 1ನ್ನು ಕಳೆಯಬೇಕು. ಎರಡನೆಯ ಕೆಲಸದ ಆರಂಭ =ಎಫ್2+1. ಮೂರನೆಯದಕ್ಕೂ ಅದೇ. ನಾಲ್ಕನೆಯದಕ್ಕೆ =ಎಫ್4+1. ಐದನೆಯ ಕೆಲಸ ಎರಡು ಕೆಲಸಗಳಿಗೆ ಕಾಯುತ್ತದೆ. ಅವೆರಡರಲ್ಲಿ ತಡವಾಗಿ ಮುಗಿಯುವುದೇ ಲೆಕ್ಕಕ್ಕೆ ಬರಬೇಕು. ಆದ್ದರಿಂದ =ಮ್ಯಾಕ್ಸ್(ಎಫ್3,ಎಫ್5)+1. ಹಾಳೆಯ ಹೃದಯ ಈ ಸೂತ್ರವೇ.

ಈಗ ಫಲಿತಾಂಶ ನೋಡಿ. ಅನುಮತಿ 21ನೆಯ ದಿನ ಕೈಸೇರುತ್ತದೆ. ಮಾಪಕ 20ನೆಯ ದಿನ ಸಿದ್ಧ. ಅಳತೆ 22ರಿಂದ 45ರವರೆಗೆ, ವಿಶ್ಲೇಷಣೆ 53ರವರೆಗೆ, ವರದಿ 59ಕ್ಕೆ ಮುಕ್ತಾಯ. ಗಡುವಿಗೆ ಒಂದು ದಿನ ಉಳಿಯುತ್ತದೆ. 1–2–5–6–7 ಎಂಬ ಸರಪಳಿಯೇ ಪ್ರಾಜೆಕ್ಟ್‌ನ ಉದ್ದವನ್ನು ತೀರ್ಮಾನಿಸುತ್ತದೆ. ಇದಕ್ಕೆ 'ನಿರ್ಣಾಯಕ ಪಥ' ಎನ್ನುತ್ತಾರೆ. ಮಾಪಕದ ಕೆಲಸಕ್ಕೆ ಒಂದು ದಿನದ ಬಿಡುವು ಇದೆ. ಅನುಮತಿಯ ಕೆಲಸಕ್ಕೆ ಇಲ್ಲವೇ ಇಲ್ಲ.

ಬಿಡಿಭಾಗಗಳು ಬರುವುದು ತಡವಾಗಿ, ಜೋಡಣೆಗೆ 10ರ ಬದಲು 13 ದಿನ ಹಿಡಿಯುವಂತಾಯಿತು ಎನ್ನೋಣ. ಡಿ4ರಲ್ಲಿ 13 ಎಂದು ತಿದ್ದಿದ ಕೂಡಲೇ ವರದಿಯ ಮುಕ್ತಾಯ 61ಕ್ಕೆ ಜರುಗುತ್ತದೆ. ತಡವಾದದ್ದು ಮೂರು ದಿನ. ಒಂದು ದಿನವನ್ನು ಬಿಡುವು ನುಂಗಿತು. ಉಳಿದ ಎರಡು ದಿನ ಕೊನೆಯವರೆಗೂ ಮುಟ್ಟಿದವು. ಅಷ್ಟೇ ಅಲ್ಲ, ನಿರ್ಣಾಯಕ ಪಥವೂ ಬದಲಾಯಿತು. ಈಗ ಅನುಮತಿಗಾಗಿ ಕಚೇರಿಗೆ ಎಷ್ಟು ಅಲೆದರೂ ಒಂದು ದಿನವೂ ಉಳಿಯದು.

ಗಡುವು 60, ಹಾಳೆ ಹೇಳುತ್ತಿರುವುದು 61. ಇಲ್ಲಿಯೇ ಅಳತೆಯನ್ನು ಮೊಟಕುಗೊಳಿಸುವ ಮನಸ್ಸಾಗುತ್ತದೆ. ಆದರೆ ಹಾಳೆಯನ್ನು ಸರಿಯಾಗಿ ನೋಡಿದರೆ ಬೇರೆ ದಾರಿ ಕಾಣುತ್ತದೆ. ಅನುಮತಿಗೆ ಕಾಯುವ ದಿನಗಳಲ್ಲಿ ಒಬ್ಬರ ಕೈ ಖಾಲಿಯಿರುತ್ತದೆ. ಅವರು ವರದಿಯ ಪೀಠಿಕೆ ಮತ್ತು ವಿಧಾನದ ಭಾಗಗಳನ್ನು ಆಗಲೇ ಬರೆದಿಟ್ಟರೆ ಕೊನೆಯ ಬರವಣಿಗೆಗೆ 6ರ ಬದಲು 3 ದಿನ ಸಾಕು. ಮುಕ್ತಾಯ 58ಕ್ಕೆ ಬರುತ್ತದೆ. 24 ದಿನಗಳ ಅಳತೆ 24 ದಿನಗಳಾಗಿಯೇ ಉಳಿಯುತ್ತದೆ. ಇದು ಕೊನೆಯ ವಾರದಲ್ಲಿ ಹೊಳೆದರೆ ಪ್ರಯೋಜನವಿಲ್ಲ.

ದಿನಾಂಕ ಎಂಬ ಸಂಖ್ಯೆ

ಸ್ಪ್ರೆಡ್‌ಶೀಟ್‌ಗೆ ದಿನಾಂಕವೂ ಒಂದು ಸಂಖ್ಯೆಯೇ. ಎಕ್ಸೆಲ್‌ನಲ್ಲಿ 1900ರ ಜನವರಿ 1 ಎಂದರೆ 1. ಅಲ್ಲಿಂದ ಎಣಿಸುತ್ತ ಬಂದರೆ 1947ರ ಆಗಸ್ಟ್ 15ಕ್ಕೆ 17394, 1950ರ ಜನವರಿ 26ಕ್ಕೆ 18289. ಒಂದರಿಂದ ಇನ್ನೊಂದನ್ನು ಕಳೆದರೆ 895 ದಿನ. ಆದ್ದರಿಂದ ಇ2ರಲ್ಲಿ 1ರ ಬದಲು ನಿಜವಾದ ದಿನಾಂಕ ಬರೆದರೂ ಮೇಲಿನ ಸೂತ್ರಗಳು ನಡೆಯುತ್ತವೆ. ಆದರೆ ಅವು ಭಾನುವಾರ, ಹಬ್ಬಗಳನ್ನೂ ಕೆಲಸದ ದಿನಗಳೆಂದೇ ಎಣಿಸುತ್ತವೆ.

ಇದಕ್ಕೆ ವರ್ಕ್‌ಡೇ ಎಂಬ ಫಂಕ್ಷನ್ ಇದೆ. ಅದು ಶನಿವಾರವನ್ನೂ ರಜೆಯೆಂದು ಬಿಡುತ್ತದೆ. ಶನಿವಾರ ಕೆಲಸ ಮಾಡುವ ನಮ್ಮ ಕಾಲೇಜುಗಳಿಗೆ ಸರಿಹೊಂದುವುದು ವರ್ಕ್‌ಡೇ.ಐಎನ್‌ಟಿಎಲ್. ಮುಕ್ತಾಯಕ್ಕೆ =ವರ್ಕ್‌ಡೇ.ಐಎನ್‌ಟಿಎಲ್(ಇ2-1,ಡಿ2,11,$ಕೆ$2:$ಕೆ$20). ಇಲ್ಲಿ 11 ಎಂದರೆ ಭಾನುವಾರ ಮಾತ್ರ ರಜೆ. ಗಣೇಶ ಚತುರ್ಥಿ, ಆಯುಧಪೂಜೆ, ರಾಜ್ಯೋತ್ಸವ ಮುಂತಾದ ರಜೆಗಳ ದಿನಾಂಕಗಳನ್ನು ಕೆ ಕಂಬಸಾಲಿನಲ್ಲಿ ಪಟ್ಟಿ ಮಾಡಿ. ಮುಂದಿನ ಕೆಲಸದ ಆರಂಭಕ್ಕೆ =ವರ್ಕ್‌ಡೇ.ಐಎನ್‌ಟಿಎಲ್(ಎಫ್2,1,11,$ಕೆ$2:$ಕೆ$20). ಒಂದು ಎಚ್ಚರಿಕೆ: ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿದ್ದರೆ 5/8 ಎಂಬುದು ಆಗಸ್ಟ್ 5 ಆಗದೆ ಮೇ 8 ಆಗುತ್ತದೆ. ತಿಂಗಳ ಹೆಸರು ಕಾಣುವ ರೂಪವನ್ನು ಆರಿಸಿಕೊಳ್ಳುವುದು ಕ್ಷೇಮ.

ಗಮನಿಸುತ್ತಾ ಹೋಗುವುದು

ಯೋಜನೆ ಸಿದ್ಧವಾದ ದಿನವೇ ಎಫ್ ಕಂಬಸಾಲನ್ನು ಜಿಗೆ ನಕಲು ಮಾಡಿ. ಸೂತ್ರಗಳು ಬೇಡ, ಬೆಲೆಗಳನ್ನು ಮಾತ್ರ ಅಂಟಿಸಿ. ಇದು 'ಮೂಲ ಯೋಜನೆ'. ಇದನ್ನು ಮತ್ತೆ ಮುಟ್ಟಬಾರದು. ಆಧಾರ ಬಿಂದುವಿಲ್ಲದೆ ಸ್ಥಾನಾಂತರವನ್ನು ಅಳೆಯಲಾಗದು ಎಂಬುದು ಭೌತಶಾಸ್ತ್ರದ ಮೊದಲ ಪಾಠ. ಯೋಜನೆಯನ್ನೇ ವಾರವಾರವೂ ತಿದ್ದಿಬಿಟ್ಟರೆ ಎಲ್ಲವೂ ಸರಿಯಾಗಿದೆ ಎಂದೇ ತೋರುತ್ತದೆ.

ಎಚ್ ಕಂಬಸಾಲಿನಲ್ಲಿ ಕೆಲಸ ನಿಜವಾಗಿ ಮುಗಿದ ದಿನಾಂಕ ಬರೆಯಿರಿ. ಅದು ತುಂಬಿದ್ದರೆ ಎಫ್ ಅದನ್ನೇ ತೆಗೆದುಕೊಳ್ಳಲಿ, ಖಾಲಿಯಿದ್ದರೆ ಲೆಕ್ಕದ ದಿನಾಂಕವನ್ನು ತೋರಿಸಲಿ. ಎಫ್2ರ ಸೂತ್ರವನ್ನು =ಇಫ್(ಎಚ್2>0,ಎಚ್2, …) ಎಂದು ಬದಲಿಸಿ, ಚುಕ್ಕಿಗಳ ಜಾಗದಲ್ಲಿ ಹಿಂದಿನ ಸೂತ್ರವನ್ನು ಇಟ್ಟರಾಯಿತು. ಇದನ್ನೇ ಉಳಿದ ಸಾಲುಗಳಿಗೂ ಎಳೆಯಿರಿ. ಎಫ್‌ನಿಂದ ಜಿಯನ್ನು ಕಳೆದರೆ ಎಷ್ಟು ದಿನ ತಡ ಎಂಬುದು ತಿಳಿಯುತ್ತದೆ.

'ಶೇಕಡ 90 ಮುಗಿದಿದೆ' ಎಂಬ ಮಾತನ್ನು ನಂಬಬೇಡಿ. ಉಳಿದ ಶೇಕಡ 10ಕ್ಕೆ ಅಷ್ಟೇ ಕಾಲ ಹಿಡಿಯುವುದುಂಟು. ಎಣಿಸಬಹುದಾದದ್ದನ್ನು ಎಣಿಸಿ: 24 ದಿನಗಳಲ್ಲಿ ಎಷ್ಟು ದಿನದ ಅಳತೆ ದಾಖಲಾಗಿದೆ? ಎಣಿಸಲಾಗದ ಕೆಲಸಕ್ಕೆ 'ಆರಂಭವಾಗಿಲ್ಲ, ನಡೆಯುತ್ತಿದೆ, ಮುಗಿದಿದೆ' ಎಂಬ ಮೂರೇ ಸ್ಥಿತಿಗಳು ಸಾಕು.

ಪಟ್ಟಿಗಳ ಚಿತ್ರ ಬೇಕಿದ್ದರೆ ಬಲಗಡೆಯ ಕಂಬಸಾಲುಗಳ ತಲೆಯಲ್ಲಿ ದಿನಾಂಕಗಳನ್ನು ಬರೆದು, ಆ ದಿನಾಂಕ ಇ ಮತ್ತು ಎಫ್‌ಗಳ ನಡುವೆ ಬಂದರೆ ಕೋಶಕ್ಕೆ ಬಣ್ಣ ಬರುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ನಿಯಮ ಕೊಡಿ. ಇಂಥ ನಕ್ಷೆಯನ್ನು ಪೋಲೆಂಡಿನ ಕರೋಲ್ ಆಡಮೆಟ್ಸ್ಕಿ 1896ರಲ್ಲೇ ರೂಪಿಸಿದ್ದರು. 1910ರ ದಶಕದಲ್ಲಿ ಅಮೆರಿಕದ ಹೆನ್ರಿ ಗ್ಯಾಂಟ್ ಬಳಕೆಗೆ ತಂದ ಬಗೆಯಿಂದ 'ಗ್ಯಾಂಟ್ ನಕ್ಷೆ' ಎಂಬ ಹೆಸರು ನಿಂತಿತು. ಕಂಪ್ಯೂಟರಿನಲ್ಲಿ ಒಂದು ಕೋಶವನ್ನು ತಿದ್ದಿದರೆ ಉಳಿದವೂ ಬದಲಾಗುವ ಅನುಕೂಲವನ್ನು ಜನಸಾಮಾನ್ಯರಿಗೆ ತಲುಪಿಸಿದ್ದು 1979ರಲ್ಲಿ ಬಂದ ವಿಸಿಕ್ಯಾಲ್ಕ್.

ದೊಡ್ಡ ಯೋಜನೆಗಳಲ್ಲೂ ಇದೇ ಲೆಕ್ಕ

ಬೆಂಗಳೂರಿನವರಿಗೆ ಇದಕ್ಕೆ ಕಣ್ಣೆದುರಿನ ಉದಾಹರಣೆ ನಮ್ಮ ಮೆಟ್ರೊ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದಲ್ಲಿ ಕಂಬ, ಹಳಿ, ನಿಲ್ದಾಣಗಳು ಸಿದ್ಧವಾಗಿದ್ದರೂ ರೈಲುಗಳು ಬರುವುದು ತಡವಾಯಿತು. 2025ರ ಆಗಸ್ಟ್ 10ರಂದು ಮಾರ್ಗ ಉದ್ಘಾಟನೆಯಾದಾಗ ಓಡಿಸಲು ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ನಮ್ಮ ಹಾಳೆಯ ಮ್ಯಾಕ್ಸ್ ಸೂತ್ರ ಹೇಳುವುದೂ ಇದನ್ನೇ. ಹಳಿ ಎಷ್ಟು ಬೇಗ ಮುಗಿದರೇನು, ಸಂಚಾರ ಆರಂಭವಾಗುವುದು ತಡವಾಗಿ ಬರುವುದು ಬಂದ ಮೇಲೆಯೇ. 2021ರಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಪಡೆದ ವಿಮಾನ ನಿಲ್ದಾಣದ ನೀಲಿ ಮಾರ್ಗದಲ್ಲಿ ಕೆಂಪಾಪುರಕ್ಕೂ ಒಂದು ನಿಲ್ದಾಣ ಸೇರಿದೆ. ಅಂಥ ಯೋಜನೆಗಳಲ್ಲಿ ಕೆಲಸಗಳು ಸಾವಿರಾರು, ತಂತ್ರಾಂಶವೂ ದೊಡ್ಡದು. ತರ್ಕ ಮಾತ್ರ ಏಳು ಸಾಲಿನ ಈ ಹಾಳೆಯದೇ.

ಹಾಳೆ ತಾನಾಗಿ ಏನನ್ನೂ ಬೇಗ ಮುಗಿಸುವುದಿಲ್ಲ. ವಾರಕ್ಕೊಮ್ಮೆ, ಶನಿವಾರ ಹತ್ತು ನಿಮಿಷ ತಂಡದವರೆಲ್ಲ ಅದರ ಮುಂದೆ ಕುಳಿತು ನಿಜವನ್ನು ತುಂಬಬೇಕು. ಅಂಕಿಗಳನ್ನು ಚಂದಗಾಣಿಸಿದರೆ ಅದೂ ಒಂದು ಬಗೆಯ ಸುಳ್ಳು ಅಳತೆಯೇ. ಮುಂದಿನ ಪ್ರಾಜೆಕ್ಟ್ ಕೈಗೆತ್ತಿಕೊಂಡಾಗ ಮೊದಲು ಅಳತೆಗೆ ಬೇಕಾದ ದಿನಗಳನ್ನು ಹಾಳೆಯಲ್ಲಿ ಬರೆದುಬಿಡಿ. ಉಳಿದ ಕೆಲಸಗಳು ಅದರ ಸುತ್ತ ಹೊಂದಿಕೊಳ್ಳಲಿ.