ವೇಸ್ಟ್ ಅಂದರೆ ನಿಜಕ್ಕೂ ವೇಸ್ಟಾ?

ಮೈಸೂರು ಸಿಲ್ಕ್ ಸೀರೆಗೆ ನೂಲು ಕೊಡುವ ಕೆಎಸ್‌ಐಸಿ ಕಾರ್ಖಾನೆ ತಿ. ನರಸೀಪುರದಲ್ಲಿದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತು. ಅದೇ ಊರಿನ ಒಂದು ಸಣ್ಣ ಖಾಸಗಿ ಘಟಕದಲ್ಲಿ ನಮ್ಮ ಖಾಲಾ ರೇಷ್ಮೆ ನೂಲು ತೆಗೆಯುತ್ತಾರೆ. ದಸರಾ ರಜೆಯಲ್ಲಿ ನಂಜನಗೂಡಿನಿಂದ ಅವರ ಮನೆಗೆ ಹೋಗಿದ್ದೆ. ಮೊದಲೆಲ್ಲ ಬೇಯಿಸಿದ ಗೂಡಿನ ವಾಸನೆಗೆ ಹೆದರಿ ಬಾಗಿಲಲ್ಲೇ ಊಟದ ಡಬ್ಬಿ ಕೊಟ್ಟು ಬರುತ್ತಿದ್ದೆ. ಈ ಸಲ ಒಳಗೆ ಹೋಗಿ ನೋಡಿದೆ.

ಗೂಡಿನ ಹೊರಪದರ ಸಿಕ್ಕಾಗಿರುತ್ತದೆ. ಬಿಸಿನೀರಿನಲ್ಲಿ ಅದನ್ನು ಎಳೆದು ತೆಗೆದ ಮೇಲೆಯೇ ಬಿಚ್ಚಲು ಬರುವ ಎಳೆಯ ತುದಿ ಸಿಗುವುದು. ಹಲವು ಗೂಡುಗಳ ಎಳೆ ಸೇರಿದರೆ ಒಂದು ನೂಲು. ತೆಗೆದ ಸಿಕ್ಕು ಬುಟ್ಟಿಗೆ ಬೀಳುತ್ತದೆ. "ಅದು ವೇಸ್ಟ್ ಬೇಟಾ" ಎಂದರು ಖಾಲಾ.

ಆದರೆ ಲೆಕ್ಕದಲ್ಲಿ ಅದು ವೇಸ್ಟ್ ಅಲ್ಲ. ಒಂದು ಕೆ.ಜಿ. ನೂಲಿಗೆ ಬೇಕಾಗುವ ಗೂಡಿನ ತೂಕಕ್ಕೆ ರೆಂಡಿಟ್ಟ ಎನ್ನುತ್ತಾರೆ. ರೆಂಡಿಟ್ಟ 7 ಎಂದರೆ 7 ಕೆ.ಜಿ. ಗೂಡಿಗೆ 1 ಕೆ.ಜಿ. ನೂಲು. ಉಳಿಯುವ ಹುಳ ಮತ್ತು ಸಿಕ್ಕನ್ನು ಮಾರಿದ ಹಣವನ್ನು ಖರ್ಚಿನಿಂದ ಕಳೆದರೆ ನೂಲಿನ ಅಸಲು ಸಿಗುತ್ತದೆ. ನಾವು ಪಾಠದಲ್ಲಿ ಓದುವ ಉಪ ಉತ್ಪನ್ನ ಇದೇ.

ಈ ಸಿಕ್ಕನ್ನು ಸೋಪು, ಸೋಡಾ ಹಾಕಿ ಕುದಿಸಿದರೆ ಸೆರಿಸಿನ್ ಎಂಬ ಅಂಟು ಬಿಡುತ್ತದೆ. ಆಮೇಲೆ ಬಿಡಿಸಿ, ಬಾಚಿ, ಹತ್ತಿಯಂತೆ ನೂತರೆ ಸ್ಪನ್ ಸಿಲ್ಕ್. ನಮ್ಮ ರಾಜ್ಯದಲ್ಲಿ ಚನ್ನಪಟ್ಟಣದ ಸ್ಪನ್ ಸಿಲ್ಕ್ ಮಿಲ್ಲನ್ನು ಕಟ್ಟಿದ್ದು ಈ ಕೆಲಸಕ್ಕೇ.

ಜಪಾನಿನಲ್ಲಿ ಗೂಡಿನ ಈ ಹೊರಪದರಕ್ಕೆ ಕಿಬಿಸೊ ಎಂಬ ಹೆಸರಿದೆ. ಅದು ಒರಟು, ಅಂಟು ಹೆಚ್ಚು. ನುನೊ ಸಂಸ್ಥೆಯ ವಸ್ತ್ರ ವಿನ್ಯಾಸಕಿ ರೇಕೊ ಸುಡೊ, ಯಮಗಾತಾ ಪ್ರಾಂತ್ಯದ ತ್ಸುರುಓಕಾ ಊರಿನ ನೇಕಾರರ ಜೊತೆ ಸೇರಿ ಅದನ್ನು ಮಗ್ಗಕ್ಕೆ ಒಗ್ಗುವಷ್ಟು ತೆಳ್ಳಗೆ ಮಾಡಿಸಿದರು. ಎಳೆಯ ಗಂಟು, ಉಬ್ಬುಗಳನ್ನು ಮುಚ್ಚಿಡದೆ ಅದನ್ನೇ ಬಟ್ಟೆಯ ಅಂದವಾಗಿಸಿದರು. 2016ರಲ್ಲಿ ನ್ಯೂಯಾರ್ಕಿನ ಕೂಪರ್ ಹೆವಿಟ್ ವಸ್ತುಸಂಗ್ರಹಾಲಯದ ಪ್ರದರ್ಶನದಲ್ಲಿ ಅವರ ಕೆಲಸವನ್ನು ಇಟ್ಟಿದ್ದರು.

ಸಿಕ್ಕು ಅಲ್ಲೂ ಇಲ್ಲೂ ಒಂದೇ. ಬೆಲೆ ಹೆಚ್ಚಿಸಿದ್ದು ಶುಚಿ ಮಾಡುವ, ನೂಲುವ, ನೇಯುವ, ವಿನ್ಯಾಸ ಮಾಡುವ ಕೆಲಸ. ಬುಟ್ಟಿ ಮಾರಿ ಸುಮ್ಮನಾದವರಿಗೆ ಬುಟ್ಟಿಯ ಬೆಲೆ ಮಾತ್ರ.

ಫೋನಿನಲ್ಲಿ ಆ ಬಟ್ಟೆಯ ಚಿತ್ರ ತೋರಿಸಿದೆ. ಖಾಲಾ ಬಹಳ ಹೊತ್ತು ನೋಡಿದರು. ಬಿಸಿನೀರಿನಲ್ಲಿ ನೆಂದು ಅವರ ಬೆರಳ ತುದಿಗಳು ಬಿಳುಪಾಗಿದ್ದವು. "ಹಾಗಾದರೆ ಇದನ್ನು ಇಲ್ಲೇ ಯಾಕೆ ನೂಲಬಾರದು?" ಎಂದರು.

ಗೆಳೆಯರೇ, ಬಂಡವಾಳ ಎಷ್ಟು, ಖರ್ಚು ಎಷ್ಟು, ಕೊಳ್ಳುವವರು ಯಾರು? ಖಾಲಾ ಕೇಳಿದ್ದು ಕಾಮರ್ಸ್ ಪ್ರಶ್ನೆಯೇ. ಲೆಕ್ಕ ಹಾಕಲು ನಾನು ಶುರು ಮಾಡಿದ್ದೇನೆ. ಜೊತೆಗೆ ಯಾರು ಬರುತ್ತೀರಿ?